ಓಬಳೆಪ್ಪ ಬರೆಸಿದ ಘರ್ಷಣೆ

ನಮ್ಮೂರಿನ ನೀರಗಂಟಿ ಓಬಳೆಪ್ಪನಿಗೆ ಸಕಲವೂ ಗೊತ್ತಿತ್ತು. ಇಂಥದ್ದು ತನಗೆ ಗೊತ್ತಿಲ್ಲ ಎಂದು ಅವನು ಒಪ್ಪಿಕೊಂಡದ್ದನ್ನು ಕಳೆದ ನಲವತ್ತಾರು ವರ್ಷಗಳಲ್ಲಿ ಯಾರೂ ಕೇಳಿದವರಿಲ್ಲ.

ಯಲಬುರ್ಗಾದಿಂದ ಬೇವೂರಿನ ಕಡೆ ಬರುವಾಗ ಒಂದು ಕ್ರಾಸಿನಲ್ಲಿ ಇಳಿದು ಎರಡು ಕಿಲೋಮೀಟರು ಒಳಗೆ ನಡೆದರೆ ನಮ್ಮೂರು. ಬೆಳಿಗ್ಗೆ ಆರಕ್ಕೆ ನೀರಿನ ಟಾಕಿಯ ವಾಲ್ ತಿರುವಿ ನಳಗಳಿಗೆ ನೀರು ಬಿಡುವುದು ಓಬಳೆಪ್ಪನ ಪಂಚಾಯತಿ ಕೆಲಸ. ಎಂಟಕ್ಕೆ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಪೇಪರನ್ನು ಗಟ್ಟಿಯಾಗಿ ಓದಿ, ಓದಿದ್ದಕ್ಕೆ ಅರ್ಥ ಹೇಳುವುದು ಅವನ ಸ್ವಂತ ಕೆಲಸ. ಹತ್ತನೇ ತರಗತಿಯ ಬಾಗಿಲನ್ನು ಮುಟ್ಟಿ ವಾಪಸು ಬಂದವನಾದರೂ ಪೇಪರಿನ ಭಾಷೆ ಅವನಿಗೆ ಬಾಯಿಪಾಠವಾಗಿತ್ತು. ಇಬ್ಬರು ಜಗಳಾಡಿದರೆ ಅವನ ಬಾಯಲ್ಲಿ ಅದು "ಮಾತಿನ ಚಕಮಕಿ". ಎಮ್ಮೆ ಹಗ್ಗ ಹರಿದುಕೊಂಡು ಓಡಿದರೆ "ಪರಾರಿ". ಹೆಂಡತಿ ಗಾಳೆಮ್ಮ ಮುನಿಸಿಕೊಂಡು ತವರಿಗೆ ಹೋದಾಗ ಕೂಡ ಅವನು "ಮಾತುಕತಿ ವಿಫಲ ಆತು" ಎಂದೇ ಊರಿಗೆ ತಿಳಿಸಿದ್ದ.

ಒಂದು ಗುರುವಾರ ಸಂಜೆ ಅವನ ಮಗಳು ಲಲಿತಾ ಸಾಲಿಯಿಂದ ಒಂದು ಹಾಳೆ ತಂದಳು. ಅವಳು ಆರನೇ ತರಗತಿ. ಅಕ್ಷರ ಮುತ್ತು ಪೋಣಿಸಿದ ಹಾಗೆ.

"ಅಪ್ಪಾ, ಪಾಠ ಸುರು ಮಾಡೂಕಿಂತ ಮೊದ್ಲ ಮನ್ಯಾಗ ದೊಡ್ಡವರನ್ನ ಕೇಳಿ ಬರ್ಕೊಂಡು ಬರ್ರಿ ಅಂದಾರ ಶೋಭಾರಾಣಿ ಟೀಚರ್."

ಹಾಳೆಯ ತಲೆಯ ಮೇಲೆ "ನಿತ್ಯ ಜೀವನದಲ್ಲಿ ಘರ್ಷಣೆ ಮತ್ತು ಗುರುತ್ವಾಕರ್ಷಣೆ" ಎಂದಿತ್ತು. ಕೆಳಗೆ ಪ್ರಶ್ನೆಗಳು. ಓಬಳೆಪ್ಪ ಮೊದಲಿನ ಶಬ್ದವನ್ನು ನೋಡಿದ ಕೂಡಲೇ ನಕ್ಕ. ಹಳೆಯ ಗೆಳೆಯ ದಾರಿಯಲ್ಲಿ ಸಿಕ್ಕಂಥ ನಗು ಅದು.

"ಘರ್ಷಣಿ! ಇದನ್ನ ಕೇಳಬೇಕೇನು? ದಿನಾ ಓದತೀನಿ. ಬರಿ."

"ಒಮ್ಮೆ ಪುಸ್ತಕ ತೆಗೆದು ನೋಡ್ರಿ," ಎಂದಳು ಗಾಳೆಮ್ಮ, ಒಲೆಯ ಮುಂದಿನಿಂದ.

"ಪುಸ್ತಕದಾಗ ಹೋದ ವರ್ಷದ ಘರ್ಷಣಿ ಇರತಾವು. ಪೇಪರ್‌ನ್ಯಾಗ ಇವತ್ತಿಂದು ಇರತಾವು."

ಅವನು ಹೇಳುತ್ತ ಹೋದ, ಲಲಿತಾ ಬರೆಯುತ್ತ ಹೋದಳು. ಗುರುತ್ವಾಕರ್ಷಣೆ ಮಾತ್ರ ಅವನನ್ನು ಅರ್ಧ ಚಹಾದಷ್ಟು ಹೊತ್ತು ನಿಲ್ಲಿಸಿತು. ಆದರೆ ದೊಡ್ಡ ಶಬ್ದವನ್ನು ಮುರಿದು ತಿನ್ನುವುದು ಅವನಿಗೆ ಅಭ್ಯಾಸ. ಗುರು ಒಂದು ತುಂಡು, ಆಕರ್ಷಣೆ ಇನ್ನೊಂದು ತುಂಡು. ಅರ್ಥ ತಾನಾಗಿಯೇ ಹೊರಬಿತ್ತು. "ಇದಕ್ಕ ಉದಾಹರಣಿ ಎಲ್ಲಿಂದ ತರೂದು?" ಎಂದು ಗಾಳೆಮ್ಮ ಕೇಳಿದಳು. ಓಬಳೆಪ್ಪ ಹುಬ್ಬು ಕುಣಿಸಿ, ಸಾಲಿಯ ಇಬ್ಬರು ಶಿಕ್ಷಕರ ಹೆಸರು ತೆಗೆದು, ಎರಡು ಚ್ಯಾಷ್ಟಿಯ ಮಾತು ಆಡಿದ. ಗಾಳೆಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ನಕ್ಕಳು. ಅಪ್ಪ ಹೇಳಿದ್ದನ್ನೆಲ್ಲ ಬರೆಯಬೇಕೆಂದು ತಿಳಿದಿದ್ದ ಲಲಿತಾ ಅದನ್ನೂ ಬರೆದಳು.

ಹಾಳೆ ಇಷ್ಟಕ್ಕೇ ಟೀಚರ ಕೈ ಸೇರಿದ್ದರೆ ಈ ಕಥೆ ಒಂದು ಕೆಂಪು ಗೆರೆಯಲ್ಲಿ ಮುಗಿಯುತ್ತಿತ್ತು. ಆದರೆ ಶುಕ್ರವಾರ ಶೋಭಾರಾಣಿ ಟೀಚರ್ ತರಬೇತಿಗೆಂದು ಯಲಬುರ್ಗಾಕ್ಕೆ ಹೋಗಿದ್ದರು. ಮರುದಿನ ಶನಿವಾರ ಪಾಲಕರ ಸಭೆ. ಓಬಳೆಪ್ಪ ಹೆಡ್ ಮಾಸ್ತರರ ಕೋಣೆಗೆ ಹೋಗಿ ಕುರ್ಚಿಯ ತುದಿಯಲ್ಲಿ ಕುಳಿತ.

"ಸರ್, ಸಭಾದಾಗ ನಮ್ಮ ಹುಡುಗಿ ಓದ್ಲಿ. ಅಂಥಾ ಉತ್ತರ ಈ ತಾಲೂಕಿನಾಗ ಯಾರೂ ಬರ್ದಿರಂಗಿಲ್ಲ."

ಈ ಕೊನೆಯ ಮಾತು ಅಕ್ಷರಶಃ ನಿಜವಾಗಿತ್ತು.

"ಟೀಚರ್ ಒಮ್ಮೆ ನೋಡ್ಲಿ, ಆಮ್ಯಾಲೆ…"

"ಸಾಲಿ ಟಾಕಿಗೆ ದಿನಾ ಅರ್ಧ ತಾಸು ಹೆಚ್ಚಿಗಿ ನೀರು ಬಿಡತೀನ್ರಿ."

ಸಾಲಿಯ ಶೌಚಾಲಯಕ್ಕೆ ಒಂದು ತಿಂಗಳಿಂದ ನೀರು ಸಾಲುತ್ತಿರಲಿಲ್ಲ. ಹೆಡ್ ಮಾಸ್ತರರು ಒಪ್ಪಿದರು.

ಶನಿವಾರ ಓಬಳೆಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ ಕುಳಿತಿದ್ದ. ಪಕ್ಕದಲ್ಲಿ ಪಂಚಾಯತಿ ಅಧ್ಯಕ್ಷ ದೇವೇಂದ್ರಪ್ಪನವರು, ಅವರ ಪಕ್ಕ ಅವರ ಹೆಂಡತಿ ಫಕೀರಮ್ಮ. ಫಕೀರಮ್ಮನಿಂದ ಸಾಧ್ಯವಾದಷ್ಟು ದೂರದಲ್ಲಿ, ಅಂದರೆ ಬಾಗಿಲ ಬಳಿ, ಶೇಖರಮ್ಮ. ವೇದಿಕೆಯ ಒಂದು ಬದಿಗೆ ಶೋಭಾರಾಣಿ ಟೀಚರ್, ಇನ್ನೊಂದು ಬದಿಗೆ ಆಟ ಕಲಿಸುವ ಸುಭಾಷ್ ಮಾಸ್ತರರು. ಲಲಿತಾ ಎರಡು ಜಡೆ ಹಾಕಿಕೊಂಡು ಮೈಕಿನ ಮುಂದೆ ನಿಂತಳು.

"ಘರ್ಷಣೆ ಎಂದರೇನು? ಹಳೆಯ ವೈಷಮ್ಯದ ಹಿನ್ನೆಲೆಯಲ್ಲಿ ಎರಡು ಗುಂಪುಗಳ ನಡುವೆ ನಡೆಯುವುದೇ ಘರ್ಷಣೆ."

ಶೋಭಾರಾಣಿ ಟೀಚರ್ ತಲೆ ಎತ್ತಿದರು. ಹೆಡ್ ಮಾಸ್ತರರ ನಗು ಇದ್ದಲ್ಲೇ ನಿಂತಿತು. ಓಬಳೆಪ್ಪ ಹಿಂದಕ್ಕೆ ತಿರುಗಿ, ಕೇಳಿದಿರಾ ಎಂಬಂತೆ ಜನರನ್ನು ನೋಡಿದ.

"ನಿತ್ಯ ಜೀವನದ ಉದಾಹರಣೆ ಒಂದು. ನಳದ ಮುಂದೆ ಫಕೀರಮ್ಮ ಮತ್ತು ಶೇಖರಮ್ಮ ಇವರ ನಡುವೆ, ಕೊಡ ಇಡುವ ವಿಷಯಕ್ಕೆ. ಉದಾಹರಣೆ ಎರಡು. ಅಧ್ಯಕ್ಷರಾದ ದೇವೇಂದ್ರಪ್ಪನವರು ಹಾಗೂ ಅವರ ಧರ್ಮಪತ್ನಿಯವರ ನಡುವೆ, ಪ್ರತಿ ಅಮಾವಾಸ್ಯೆಯ ಆಸುಪಾಸಿನಲ್ಲಿ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ. ದೇವೇಂದ್ರಪ್ಪನವರು ಹೆಂಡತಿಯ ಕಡೆ ನೋಡಲಿಲ್ಲ. ಫಕೀರಮ್ಮ ಗಂಡನ ಕಡೆ ನೋಡಿದಳು.

"ಉದಾಹರಣೆ ಮೂರು. ನಮ್ಮ ಮನೆಯಲ್ಲಿ ಅಪ್ಪ ಮತ್ತು ಅವ್ವನ ನಡುವೆ." ಇದು ಲಲಿತಾಳ ಸ್ವಂತ ಸೇರ್ಪಡೆ. "ಇದರಲ್ಲಿ ಯಾವಾಗಲೂ ಅವ್ವ ಗೆಲ್ಲುತ್ತಾಳೆ."

ಈಗ ಹುಡುಗರು ಬಹಿರಂಗವಾಗಿ ನಕ್ಕರು. ಓಬಳೆಪ್ಪನೂ ನಕ್ಕ. ಮೆಚ್ಚುಗೆ ಎಂದೇ ಅವನು ತಿಳಿದಿದ್ದ.

"ಘರ್ಷಣೆಯಿಂದ ಏನು ಉಂಟಾಗುತ್ತದೆ? ಬಿಗುವಿನ ವಾತಾವರಣ ಉಂಟಾಗುತ್ತದೆ. ಘರ್ಷಣೆಯನ್ನು ಕಡಿಮೆ ಮಾಡಲು ಏನನ್ನು ಬಳಸುತ್ತಾರೆ? ಲಾಠಿ ಬಳಸುತ್ತಾರೆ. ಘರ್ಷಣೆಯಿಂದ ಪ್ರಯೋಜನ ಇದೆಯೇ? ವಕೀಲರಿಗೆ ಇದೆ."

ಹೆಡ್ ಮಾಸ್ತರರು "ಸಾಕವ್ವ, ಛಲೋ ಆತು" ಎಂದು ಎದ್ದರು. ಆದರೆ ಲಲಿತಾ ಅರ್ಧಕ್ಕೆ ಬಿಡುವ ಹುಡುಗಿಯಲ್ಲ. ಹಾಳೆ ತಿರುವಿದಳು.

"ಗುರುತ್ವಾಕರ್ಷಣೆ ಎಂದರೇನು? ಗುರುಗಳಲ್ಲಿ ಉಂಟಾಗುವ ಆಕರ್ಷಣೆಯೇ ಗುರುತ್ವಾಕರ್ಷಣೆ. ಉದಾಹರಣೆ, ಸುಭಾಷ್ ಮಾಸ್ತರರು. ಶೋಭಾರಾಣಿ ಟೀಚರ್ ಬಸ್ ಇಳಿಯುವ ಹೊತ್ತಿಗೆ ಮಾಸ್ತರರ ಗಾಡಿ ತಾನಾಗಿಯೇ ಕ್ರಾಸಿನ ಕಡೆ ಹೋಗುತ್ತದೆ. ಗುರುತ್ವಾಕರ್ಷಣೆ ಇಲ್ಲದಿದ್ದರೆ ಏನಾಗುತ್ತದೆ? ಟೀಚರ್ ನಡೆದುಕೊಂಡು ಬರಬೇಕಾಗುತ್ತದೆ."

ಸಭೆಯಲ್ಲಿ ಒಂದು ಸದ್ದಿಲ್ಲ. ಮೈಕ್ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಲಲಿತಾ ಕೊನೆಯ ಸಾಲನ್ನು ಇನ್ನೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಓದಿದಳು.

ಆಮೇಲೆ ಎದ್ದ ನಗೆಗೆ ಗುಬ್ಬಿಗಳು ಹಂಚಿನ ಮೇಲಿಂದ ಹಾರಿಹೋದವು. ಓಬಳೆಪ್ಪ ಮಾತ್ರ ನಗಲಿಲ್ಲ. ಒಲೆಯ ಮುಂದೆ ಆಡಿದ ಮಾತು ಮೈಕಿನಲ್ಲಿ ಬಂದದ್ದನ್ನು ಕೇಳಿ ಅವನ ಕಿವಿಗಳು ಮೊದಲು ಕೆಂಪಾದವು. ಶೋಭಾರಾಣಿ ಟೀಚರ್ ಎದ್ದು ಬಂದು ಲಲಿತಾಳ ಕೈಯಿಂದ ಹಾಳೆ ತೆಗೆದುಕೊಂಡರು, ನಾಲ್ಕಾಗಿ ಮಡಿಚಿದರು. "ಛಲೋ ಓದಿದಿ. ಕೂಡು," ಎಂದರು. ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು. ಅಂದು ಅವರು ಕ್ರಾಸಿನವರೆಗೂ ನಡೆದೇ ಹೋದರು.

"ಏನೋ ಇದು ಓಬಳೆಪ್ಪಾ?" ಹೆಡ್ ಮಾಸ್ತರರು ಅವನನ್ನು ಗೋಡೆಗೆ ಒತ್ತಿ ನಿಲ್ಲಿಸಿದರು. "ಘರ್ಷಣಿ ಅಂದ್ರ ಒಂದಕ್ಕೊಂದು ತಿಕ್ಕೂದು. ಎರಡೂ ಕೈ ತಿಕ್ಕಿದ್ರ ಬಿಸಿ ಆಕ್ಕಾವಲ್ಲ, ಅದು!"

"ಪೇಪರ್‌ನ್ಯಾಗ ದಿನಾ…"

"ಪೇಪರ್ ಬ್ಯಾರೆ, ಸಾಯನ್ಸ್ ಬ್ಯಾರೆ! ಗುರುತ್ವಾಕರ್ಷಣಿ ಅಂದ್ರ ಭೂಮಿ ಎಲ್ಲಾನೂ ತನ್ನ ಕಡೆ ಎಳಕೊಳ್ಳೂದು!"

ಆ ಹೊತ್ತಿನಲ್ಲಿ ಭೂಮಿ ಇನ್ನಷ್ಟು ಜೋರಾಗಿ ಎಳೆದುಕೊಂಡಿದ್ದರೆ ಓಬಳೆಪ್ಪ ಬೇಡವೆನ್ನುತ್ತಿರಲಿಲ್ಲ. ಭೂಮಿ ಎಷ್ಟು ಎಳೆಯಬೇಕೋ ಅಷ್ಟೇ ಎಳೆಯಿತು. ಅವನು ಬಿಳಿ ಅಂಗಿಯಲ್ಲಿ ಎಲ್ಲರಿಗೂ ಕಾಣುವಂತೆ ಮೇಲೆಯೇ ಉಳಿದ.

ಭಾನುವಾರ ಬೆಳಿಗ್ಗೆ ಅವನು ವಾಲ್ ತಿರುವಿ ಹಿತ್ತಲ ದಾರಿಯಿಂದ ಮನೆಗೆ ನುಸುಳಬೇಕೆಂದಿದ್ದ. ಹಿತ್ತಲಲ್ಲಿ ಫಕೀರಮ್ಮ ನಿಂತಿದ್ದಳು. ಅವಳ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿಕೊಂಡು, ಶೇಖರಮ್ಮ. ಹನ್ನೊಂದು ವರ್ಷಗಳಲ್ಲಿ ಈ ಇಬ್ಬರೂ ಒಂದೇ ಕಡೆ ಮುಖ ಮಾಡಿ ನಿಂತದ್ದು ಅದೇ ಮೊದಲು.

"ನಾವು ಘರ್ಷಣಿ ಮಾಡತೀವೇನೋ?" ಎಂದಳು ಫಕೀರಮ್ಮ.

"ತಪ್ಪಾತಬೇ ಯವ್ವಾ…"

"ಮಾಡಿದ್ರ ಮಾಡತೀವಿ," ಎಂದಳು ಶೇಖರಮ್ಮ. "ಅದಲ್ಲ ಮಾತು. ನನ್ನ ಹೆಸರು ಎರಡನೇದಕ್ಕ ಯಾಕ ಹಾಕ್ಸಿದಿ? ಕೊಡ ಮೊದಲ ಇಟ್ಟಾಕಿ ನಾನು!"

"ನೀ ಇಟ್ಟಿದ್ದೇನು? ನಾ ಬಂದಾಗ ನಿನ್ನ ಕೊಡ ಎಲ್ಲಿತ್ತು?" ಎಂದು ಫಕೀರಮ್ಮ ತಿರುಗಿದಳು.

ಹನ್ನೊಂದು ವರ್ಷಗಳ ಬಳಿಕ ಕೂಡಿದ್ದು ಹನ್ನೊಂದು ಮಾತಿಗೆ ಮುರಿಯಿತು. ಸಂದಿನಲ್ಲಿ ಓಬಳೆಪ್ಪ ಒಳಗೆ ಜಾರಿಕೊಂಡ.

ಒಳಗೆ ಅವನಿಗಾಗಿ ಹೊಸ ಸುದ್ದಿ ಕಾದಿತ್ತು. ಸಭೆಯಲ್ಲಿ ಯಾರೋ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದಿದ್ದರು. ಅದು ಕುಕನೂರು ದಾಟಿ, ಕೊಪ್ಪಳ ಮುಟ್ಟಿ, ಅಲ್ಲಿಂದ ಗಂಗಾವತಿಯ ಅವನ ಷಡ್ಡಕನ ಫೋನಿಗೆ ಬಂದು, ಷಡ್ಡಕನ ಮೂಲಕ ಓಬಳೆಪ್ಪನಿಗೇ ವಾಪಸು ಬಂದಿತ್ತು. ಕೆಳಗೆ ಷಡ್ಡಕ ಬರೆದಿದ್ದ: "ಇದು ನಿಮ್ಮ ಊರು ಅಲ್ಲೇನು? ಯಾರಿವ ಹುಚ್ಚಪ್ಪ?"

ಹತ್ತು ಗಂಟೆಗೆ ಪೊಲೀಸಪ್ಪ ಶಬ್ಬೀರ ಬೈಕ್ ನಿಲ್ಲಿಸಿದ. "ಊರಾಗ ಎರಡು ಮೂರು ಕಡೆ ಘರ್ಷಣಿ ಆಗೈತಂತ ಫೋನ್ ಬಂದೈತಿ. ಯಾವ ಓಣಿ?"

ಓಬಳೆಪ್ಪ ಹೆಂಡತಿಯ ಹಿಂದೆ ಸರಿದು ನಿಂತ. ಗಾಳೆಮ್ಮ ಎಲ್ಲವನ್ನೂ ಹೇಳಿದಳು. ಬಿ.ಎಸ್ಸಿ. ಓದಿದ್ದ ಶಬ್ಬೀರ ನಗೆ ತಡೆಯಲು ಟೊಪ್ಪಿಗೆ ತೆಗೆದು ಮುಖಕ್ಕೆ ಹಿಡಿದುಕೊಂಡ. ಆಮೇಲೆ ಗಂಭೀರವಾಗಿ, "ಘರ್ಷಣಿ ಕಡಿಮಿ ಮಾಡಾಕ ನಾವು ಲಾಠಿ ಬಳಸಂಗಿಲ್ರಿ ಅಣ್ಣಾರ. ಎಣ್ಣಿ ಬಳಸಬೇಕು. ಇದನ್ನ ಬರ್ಕೊಂಡು ಇಟ್ಕೊಳ್ರಿ," ಎಂದು ಹೋದ. ಊರಿನ ಅರ್ಧ ಜನ ಪೊಲೀಸ್ ಬೈಕ್ ಓಬಳೆಪ್ಪನ ಮನೆಯ ಮುಂದೆ ನಿಂತದ್ದನ್ನು ನೋಡಿದರು. ಉಳಿದರ್ಧ ಜನರಿಗೆ ಅವರು ಹೇಳಿದರು.

ಮಧ್ಯಾಹ್ನ ಸುಭಾಷ್ ಮಾಸ್ತರರ ಬೈಕ್ ಬಂತು. ಹಿಂದೆ ಅವರ ಹೆಂಡತಿ ಶ್ವೇತಾ. ಕುಷ್ಟಗಿಯಿಂದ ಇದಕ್ಕಾಗಿಯೇ ಬಂದಿದ್ದಳು. ಕಟ್ಟೆಯ ಮೇಲೆ ಕುಳಿತು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು.

"ಆ ಆಕರ್ಷಣಿ ಯಾವುದು, ನಾನೂ ನೋಡಬೇಕು. ಹೇಳ್ರಿ."

"ಅದು ಭೂಮಿದ್ರಿ," ಎಂದ ಓಬಳೆಪ್ಪ, ಹೊಸದಾಗಿ ಕಲಿತದ್ದನ್ನು. "ಮಾಸ್ತರರದ್ದಲ್ಲರಿ."

"ಇವರು ದಿನಾ ಕ್ರಾಸಿಗೆ ಹೋಗೂದು ಖರೇನೋ ಸುಳ್ಳೋ?"

"ಖರೇ ಐತ್ರಿ. ಎರಡು ಕಿಲೋಮೀಟರ್ ಬಿಸಿಲೈತ್ರಿ. ಬಸ್ಸಿಳಿದವರು ಯಾರಿದ್ರೂ ಕರ್ಕೊಂಡು ಬರತಾರ್ರಿ. ಹೋದ ವಾರ ನಮ್ಮ ಓಣಿ ಮುದುಕೀನೂ ತಂದಿದ್ರು. ಅದನ್ನ ನಾ… ಚ್ಯಾಷ್ಟಿ ಮಾಡಿದೆ. ಮನ್ಯಾಗ. ಒಲಿ ಮುಂದ."

ಶ್ವೇತಾ ಗಂಡನ ಕಡೆ ತಿರುಗಿದಳು. "ಕುಷ್ಟಗಿ ಬಸ್ ಸ್ಟ್ಯಾಂಡಿನಿಂದ ಮನಿತನಕ ನಾ ಕೈಚೀಲ ಹೊತ್ಕೊಂಡು ನಡೀತೀನಿ. ಒಂದ ದಿನಾ ಗಾಡಿ ತಂದೀರೇನು? ನಾನೇನು ಭೂಮಿ ಮ್ಯಾಲೆ ಇಲ್ಲೇನು?"

ಸುಭಾಷ್ ಮಾಸ್ತರರು ತಲೆ ತಗ್ಗಿಸಿದರು. ಗಾಳೆಮ್ಮ ಚಹಾ ಕೊಟ್ಟಳು. ಅವರ ಮನೆಯ ವ್ಯವಹಾರ ಅಲ್ಲಿಗೆ ಬೇರೆ ದಾರಿ ಹಿಡಿಯಿತು. ಹೋಗುವಾಗ ಮಾಸ್ತರರು ಓಬಳೆಪ್ಪನ ಕಿವಿಯ ಬಳಿ ಹಲ್ಲು ಕಚ್ಚಿ, "ನಂದು ಹೋಗ್ಲಿ. ಆ ಹೆಣ್ಣಮಗಳಿಗೆ ಏನ್ ಹೇಳತಿ?" ಎಂದರು.

ಈ ಪ್ರಶ್ನೆಗೆ ಸೋಮವಾರ ಊರೇ ದನಿ ಸೇರಿಸಿತು. ಅಂದು ಶೋಭಾರಾಣಿ ಟೀಚರ್ ಬರಲಿಲ್ಲ. ಬೇರೆ ಸಾಲಿಗೆ ಕಳಿಸಿರೆಂದು ಅರ್ಜಿ ಬರೆದಿದ್ದಾರೆ, ನಾಳೆ ಹೆಡ್ ಮಾಸ್ತರರ ಸಹಿ ಹಾಕಿಸಿ ಒಯ್ಯುತ್ತಾರೆ ಎಂಬ ಸುದ್ದಿ ಬಂತು. ನಮ್ಮ ಸಾಲಿಗೆ ನಾಲ್ಕು ವರ್ಷ ಸಾಯನ್ಸ್ ಕಲಿಸುವವರೇ ಇರಲಿಲ್ಲ. ಸಿಕ್ಕ ಒಬ್ಬರನ್ನೂ ಓಬಳೆಪ್ಪನ ಬಾಯಿ ಕಳಿಸುತ್ತಿತ್ತು. ಚಹಾದಂಗಡಿಯಲ್ಲಿ ಅವನು ಕೂಡುವ ಬೆಂಚಿನ ಮೇಲೆ ಬೇರೆಯವರು ಕುಳಿತಿದ್ದರು. ಪೇಪರನ್ನು ಯಾರೂ ಅವನ ಕಡೆ ಸರಿಸಲಿಲ್ಲ. ದೇವೇಂದ್ರಪ್ಪನವರು ಬಂದು, "ಅಮಾಸಿದು ನಿನಗ ಯಾರು ಹೇಳಿದ್ರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಟೀಚರ್ ಹೋದ್ರ ನೀನೂ ಹೋದಿ," ಎಂದು ತಿಳಿಸಿ ಹೋದರು.

ಮನೆಯಲ್ಲಿ ಇನ್ನೂ ಕಷ್ಟವಿತ್ತು. ಅಂದು ಲಲಿತಾ ಸಾಲಿಗೆ ಕಾಲಿಟ್ಟ ಕೂಡಲೇ ಹುಡುಗರು "ಬಿಗುವಿನ ವಾತಾವರಣ ಬಂತು" ಎಂದು ಕೂಗಿದ್ದರು. ಅವಳು ಅಪ್ಪನೊಡನೆ ಜಗಳಾಡಲಿಲ್ಲ. ಮಾತೇ ಬಿಟ್ಟಳು. "ಅವ್ವಾ, ಅವರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳು," ಎನ್ನುತ್ತಿದ್ದಳು. ಅವನಿಗೆ ರೊಟ್ಟಿ ಬೇಕಿತ್ತು. ಆದರೆ "ಅವರಿಗೆ" ಎಂದು ಕೇಳಿದ ಮೇಲೆ ಕೈ ತೊಳೆದು ಎದ್ದ.

ಮಂಗಳವಾರ ಓಬಳೆಪ್ಪ ಒಂಬತ್ತಕ್ಕೇ ಕ್ರಾಸಿನಲ್ಲಿ ನಿಂತ. ಕೈಯಲ್ಲಿ ಕೊಡೆ. ಬಸ್ ಬಂತು, ಟೀಚರ್ ಇಳಿದರು. ಅವನು ಕೊಡೆ ಬಿಚ್ಚಿ ಮುಂದೆ ಚಾಚಿದ. ಅವರು ಅದನ್ನೂ ನೋಡದೆ, ಅವನನ್ನೂ ನೋಡದೆ ನಡೆಯತೊಡಗಿದರು. ಅವನು ಬಿಚ್ಚಿದ ಕೊಡೆಯನ್ನು ಖಾಲಿ ಗಾಳಿಗೆ ಹಿಡಿದುಕೊಂಡು ಹತ್ತು ಹೆಜ್ಜೆ ಹಿಂದೆ ಹೊರಟ. ಅವರು ನಿಂತರೆ ಇವನೂ ನಿಂತ. ಅವರು ಜೋರಾಗಿ ನಡೆದರೆ ಇವನೂ ಜೋರಾದ. ಸಜ್ಜೆಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು.

"ಯವ್ವಾ, ಈಗ ನೀರಗಂಟಿಗೂ ಗುರುತ್ವಾಕರ್ಷಣಿ ಸುರುವಾತ ನೋಡ್ರೆ!"

ಓಬಳೆಪ್ಪ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದ. ದಾ‌ರಿ ಕಾಣದೆ ತಗ್ಗಿನಲ್ಲಿ ಕಾಲಿಟ್ಟ. ಎರಡು ಕಿಲೋಮೀಟರು ಅಷ್ಟು ಉದ್ದವಿರುತ್ತದೆಂದು ಅವನಿಗೆ ಅಂದೇ ತಿಳಿದದ್ದು.

ಸಾಲಿಯ ಗೇಟಿನ ಬಳಿ ಟೀಚರ್ ತಿರುಗಿ ನಿಂತರು. "ಏನ್ರಿ?"

"ತಪ್ಪಾತ್ರಿ ಅಕ್ಕೋರ."

"ಯಾವುದು?"

"ಎಲ್ಲಾನೂ ರಿ."

"ಎಲ್ಲಾನೂ ಅಂದ್ರ ಯಾವುದೂ ಅಲ್ಲ. ಒಂದೊಂದ ಹೇಳ್ರಿ."

ಓಬಳೆಪ್ಪ ಕೊಡೆ ಮಡಿಚಿದ. "ಅರ್ಥ ಗೊತ್ತಿರಲಿಲ್ರಿ. ಗೊತ್ತೈತಿ ಅಂದೆ. ಪುಸ್ತಕ ನೋಡು ಅಂದ್ರ ನೋಡ್ಲಿಲ್ಲ. ನಕ್ಕೋಂತ ನಿಮ್ಮ ಹೆಸರು ತಗೊಂಡೆ. ಹೆಣ್ಣಮಕ್ಕಳ ಹೆಸರು ಹಂಗ ತಗೋಬಾರದಿತ್ತು. ಹುಡುಗಿ ಬರ್ಕೊಂತೈತೋ ಇಲ್ಲೋ ಅಂತ ಸೈತ ನೋಡ್ಲಿಲ್ರಿ. ಮ್ಯಾಲೆ ಆಕಿನ್ನ ಓದಾಕ ನಿಲ್ಲಿಸ್ರಿ ಅಂತ ನಾನ ಹೆಡ್ ಮಾಸ್ತರಿಗೆ ಬೆನ್ನ ಹತ್ತಿದ್ದೆ."

ಟೀಚರ್ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. "ಆ ವಿಡಿಯೋ ನಮ್ಮ ಅಣ್ಣನ ಕೈಗೆ ಹೋಗೈತಿ. ಆ ಊರ ಬಿಡು ಅಂತಾನ. ಎರಡು ದಿನ ಮನ್ಯಾಗ ಅದ ಮಾತು. ನಿಮಗ ಅದು ಒಂದ ನಗಿ."

ಓಬಳೆಪ್ಪ ಗೇಟಿನ ಕಂಬಿಯನ್ನು ನೋಡುತ್ತ ನಿಂತ.

"ನನಗೊಬ್ಬಾಕಿಗೆ ಹೇಳಿದ್ರ ಮುಗೀತೇನು? ಹುಡುಗರ ಮುಂದ ತಪ್ಪಾಗೈತಿ. ಹುಡುಗರ ಮುಂದ ತಿದ್ದಬೇಕು. ಹನ್ನೊಂದಕ್ಕ ಆರನೇ ಕ್ಲಾಸಿಗೆ ಬಂದು ಕೂಡ್ರಿ."

ಹನ್ನೊಂದಕ್ಕೆ ಓಬಳೆಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಮೂವತ್ತೊಂದು ಮಕ್ಕಳ ಹಿಂದೆ ನೆಲದ ಮೇಲೆ ಕುಳಿತ. ಮೊಣಕಾಲುಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಮೂರನೇ ಸಾಲಿನಲ್ಲಿದ್ದ ಲಲಿತಾ ತಿರುಗಿ ನೋಡಲಿಲ್ಲ. ಕಿಟಕಿಯ ಆಚೆ ಹೆಡ್ ಮಾಸ್ತರರು ಬೇರೇನೋ ಕೆಲಸವಿದ್ದವರಂತೆ ನಿಂತಿದ್ದರು.

"ಓಬಳೆಪ್ಪನವರು ಏನೋ ಹೇಳ್ತಾರಂತ," ಎಂದರು ಟೀಚರ್.

ಅವನು ಎದ್ದು ಕೈಕಟ್ಟಿ ನಿಂತ. ಪೇಪರಿನ ಒಂದು ಶಬ್ದವೂ ಸಹಾಯಕ್ಕೆ ಬರಲಿಲ್ಲ. "ಲಲಿತಾ ಓದಿದ್ದು ಆಕಿದಲ್ಲ. ನಾ ಹೇಳಿದ್ದು. ನಾ ಹೇಳಿದ್ದು ಸುಳ್ಳು. ಮಾಸ್ತರರದು, ಟೀಚರದು ಹೇಳಿದ್ದಂತೂ ಶುದ್ಧ ಸುಳ್ಳು. ಆಕಿಗೆ ಯಾರೂ ಕಾಡಬ್ಯಾಡ್ರಿ. ಕಾಡೂದಿದ್ರ ನನಗ ಕಾಡ್ರಿ."

ಮುಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿದ. "ಕಾಕಾ, ಮತ್ತ ಲಾಠಿ?"

"ಲಾಠಿ ಅಲ್ಲಪ. ಎಣ್ಣಿ."

ಟೀಚರ್ ಮುಖ ತಿರುಗಿಸಿಕೊಂಡು ಬೋರ್ಡ್ ಒರೆಸಿದರು. ಒರೆಸುವಷ್ಟು ಅದರ ಮೇಲೆ ಏನೂ ಇರಲಿಲ್ಲ. ಆಮೇಲೆ ಪಾಠ ಶುರುವಾಯಿತು. ಚೆಂಡನ್ನು ಬರಿ ನೆಲದ ಮೇಲೆ ಉರುಳಿಸಿದರು, ಆಮೇಲೆ ಗೋಣಿತಟ್ಟಿನ ಮೇಲೆ. ತಟ್ಟಿನ ಮೇಲೆ ಅದು ಅರ್ಧ ದಾರಿಗೇ ನಿಂತಿತು. ತಡೆಯುವ ಆ ಬಲವೇ ಘರ್ಷಣೆ ಎಂದರು. ಬೋರ್ಡ್ ಒರಟಿರುವುದರಿಂದ ಬಳಪ ಬರೆಯುತ್ತದೆ, ಎಣ್ಣೆ ಹಚ್ಚಿದರೆ ಬರೆಯುವುದಿಲ್ಲ ಎಂದು ತೋರಿಸಿದರು. ಓಬಳೆಪ್ಪ ಬಾಯಿ ತೆರೆದುಕೊಂಡು ನೋಡಿದ.

"ಇನ್ನ ಗುರುತ್ವಾಕರ್ಷಣೆ. ಒಂದು ಹಾಳಿ ಬೇಕು."

ಟೀಚರ್ ಚೀಲಕ್ಕೆ ಕೈ ಹಾಕಿ ಬರೆದಿದ್ದ ಒಂದು ಹಾಳೆ ತೆಗೆದರು. ಅಗಲವಾಗಿ ಬಿಡಿಸಿ, ಮೇಲೆತ್ತಿ ಬಿಟ್ಟರು. ಅದು ತೇಲಾಡಿ ತೇಲಾಡಿ ಕೆಳಗಿಳಿಯಿತು. ಅದನ್ನೇ ಎತ್ತಿಕೊಂಡರು. ಒಂದು ಗಳಿಗೆ ನೋಡಿದರು. ಆಮೇಲೆ ಎರಡೂ ಕೈಯಿಂದ ಮುದ್ದೆ ಮಾಡಿ ಬಿಟ್ಟರು. ಅದು ನೆಟ್ಟಗೆ ಬಿತ್ತು.

"ಭೂಮಿ ಎರಡು ಸಲಾನೂ ಎಳದೈತಿ. ಮೊದಲ ಸಲ ಗಾಳಿ ತಡದಿತ್ತು."

ಅದು ಮೇಲಧಿಕಾರಿಗಳಿಗೆ ಬರೆದ ಅರ್ಜಿಯೆಂದು ಕಿಟಕಿಯ ಆಚೆಯಿಂದ ಹೆಡ್ ಮಾಸ್ತರರಿಗೆ ಮಾತ್ರ ಕಂಡಿತು. ಅವರು ಎದೆಯ ಜೇಬಿನಿಂದ ಹೊರಗೆ ತೆಗೆದಿದ್ದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡು ಸದ್ದಿಲ್ಲದೆ ಹೊರಟುಹೋದರು.

"ಈಗ ಪ್ರಶ್ನೆ. ನಮ್ಮೂರ ಟಾಕಿಯಿಂದ ನಳಕ್ಕ ನೀರು ಹೆಂಗ ಬರತೈತಿ? ಇದನ್ನ ಓಬಳೆಪ್ಪನವರು ಹೇಳ್ಲಿ."

ಇಡೀ ಪಾಠದಲ್ಲಿ ತನಗೆ ಗೊತ್ತಿದ್ದ ಪ್ರಶ್ನೆ ಇದೊಂದೇ ಎಂದು ಓಬಳೆಪ್ಪ ಥಟ್ಟನೆ ಎದ್ದ. "ನಾ ಬಿಡತೀನ್ರಿ!"

ತರಗತಿ ನಕ್ಕಿತು.

"ನೀವು ಬಿಟ್ಟ ಮ್ಯಾಲೆ? ಅದನ್ನ ಕೆಳಗ ತರೂದು ಯಾವುದು?"

"ಪೈಪ್ರಿ."

"ಪೈಪ್ ಎಳೀತೈತೇನು?"

"ಗುರುತ್ವಾಕರ್ಷಣೆ!" ಎಂದು ಮಕ್ಕಳು ಕೂಗಿದರು. ಟಾಕಿ ಎತ್ತರದಲ್ಲಿದೆ, ನಳಗಳು ಕೆಳಗಿವೆ, ಭೂಮಿ ಎಳೆಯುತ್ತದೆ, ನೀರು ಬರುತ್ತದೆ ಎಂದು ಟೀಚರ್ ಬೋರ್ಡಿನ ಮೇಲೆ ಬರೆದು ತೋರಿಸಿದರು. ಹದಿನಾಲ್ಕು ವರ್ಷಗಳಿಂದ ಓಬಳೆಪ್ಪ ಊರಿಗೆ ನೀರು ಕೊಡುವವನು ತಾನೆಂದು ನಡೆದಾಡಿದ್ದ. ಮುನಿಸು ಬಂದಾಗ "ನಾಳಿ ನೀರು ಬಿಡಂಗಿಲ್ಲ ನೋಡ್ರಿ" ಎಂದು ಹೆದರಿಸಿದ್ದ. ಅಷ್ಟೂ ವರ್ಷ ಕೆಲಸ ಮಾಡಿದ್ದು ಭೂಮಿ. ಅವನು ಬೋರ್ಡಿನ ಮೇಲಿನ ಚಿತ್ರ ನೋಡಿದ. ಅದರಲ್ಲಿ ಟಾಕಿ ಇತ್ತು, ಪೈಪ್ ಇತ್ತು, ನಳ ಇತ್ತು. ಅವನಿರಲಿಲ್ಲ. ಮೆಲ್ಲಗೆ ಕುಳಿತುಕೊಂಡ.

ಆಗ ಮೂರನೇ ಸಾಲಿನಲ್ಲಿ ಲಲಿತಾ ಎದ್ದು ನಿಂತಳು.

"ಟೀಚರ್, ಭೂಮಿ ಎಳೀತೈತಿ ಖರೇರಿ. ಆದ್ರ ವಾಲ್ ತಿರುವಬೇಕಲ್ರಿ. ಆ ವಾಲ್ ಭಾಳ ಹಳೇದೈತ್ರಿ. ಹಿಡಿ ಸವದು ನುಣ್ಣಗ ಆಗೈತ್ರಿ, ಯಾವಾಗ್ಲೂ ತೊಯ್ದಿರತೈತ್ರಿ. ನಾ ತಿರುವಾಕ ಹೋದ್ರ ಕೈ ಜಾರತೈತ್ರಿ. ಅವ್ವಂದೂ ಜಾರತೈತ್ರಿ. ಅಪ್ಪನ ಅಂಗೈ ಭಾಳ ಒರಟು ಅದಾವ್ರಿ. ಅದಕ್ಕ ಜಾರಂಗಿಲ್ರಿ." ಅವಳು ಉಸಿರು ತೆಗೆದುಕೊಂಡಳು. "ಅದು ಘರ್ಷಣೆ ಹೌದಲ್ರಿ?"

ಟೀಚರ್ ಬಳಪ ಕೆಳಗಿಟ್ಟರು. "ಹೌದು," ಎಂದರು. "ಇದು ಪುಸ್ತಕದಾಗೂ ಇಲ್ಲ. ಎಲ್ಲಾರೂ ಬರ್ಕೊಳ್ರಿ. ಬರ್ಕೊಂಡವರು ಒಬ್ಬೊಬ್ಬರ ಹೋಗಿ ಮುಟ್ಟಿ ನೋಡ್ರಿ."

ಮೂವತ್ತೊಂದು ಮಕ್ಕಳು ತಲೆ ಬಗ್ಗಿಸಿ ಓಬಳೆಪ್ಪನ ಅಂಗೈಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ಸಾಲುಗಟ್ಟಿ ಬಂದರು. ಓಬಳೆಪ್ಪ ಎರಡೂ ಕೈ ಚಾಚಿ, ಕಣ್ಣನ್ನು ನೆಲದಲ್ಲಿ ನೆಟ್ಟು ಕುಳಿತ. ಒಬ್ಬ ಬೆರಳಿನಿಂದ ಒತ್ತಿದ, ಒಬ್ಬಳು ಉಗುರಿನಿಂದ ಕೆರೆದು ನೋಡಿದಳು, "ಗೋಣಿತಟ್ಟ ಆಗ್ಯಾವಲೇ" ಎಂದ ಇನ್ನೊಬ್ಬ. ಗೆರೆಗಳಲ್ಲಿ ವಾಲಿನ ತುಕ್ಕು ಕೂತಿತ್ತು.

ಎಲ್ಲರಿಗಿಂತ ಕೊನೆಗೆ ಬಂದವಳು ಲಲಿತಾ. ಅವಳ ಸಣ್ಣ ಕೈ ಹತ್ತಿರ ಬಂದದ್ದನ್ನು ಕಂಡು ಓಬಳೆಪ್ಪ ಅಂಗೈ ಮುಚ್ಚಿ ಹಿಂದಕ್ಕೆ ಎಳೆದುಕೊಂಡ.

"ಹೊಲಸೈತವ್ವ. ತಡಿ, ತೊಳಕೊಂಡು ಬರತೀನಿ."

ಲಲಿತಾ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಬ್ಯಾಡಪಾ," ಎಂದಳು. "ತೊಳದ್ರ ಜಾರತೈತಿ."